ಕಲಬುರಗಿ ಸುತ್ತಮುತ್ತ ಕುಡಿತ ಬಿಟ್ಟವರ ಮೀಟಿಂಗ್ ಎಲ್ಲಿ ನಡೀತಾವ, ಹೆಂಗ ಹುಡುಕೋದು?

ಶಹಾಬಾದ್ ಕಲ್ಲು ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಅಣ್ಣಗ 41 ವಯಸ್ಸು, ಸಿಮೆಂಟ್ ಫ್ಯಾಕ್ಟರಿಯಾಗ ಶಿಫ್ಟ್ ಕೆಲಸ. ದಿನಾ ಎರಡು ಕ್ವಾರ್ಟರ್ ಕುಡೀತಿದ್ದ. ದವಾಖಾನ್ಯಾಗ ಇಟ್ಕೊಂಡು ಔಷಧ ಕೊಟ್ಟು ಈಗ ಮನೀಗಿ ಕಳಿಸ್ಯಾರ. ಚೀಟಿ ಮ್ಯಾಲ ಗುಳಗಿ ಹೆಸರಿನ ಕೆಳಗ "ಎ.ಎ. ಮೀಟಿಂಗಿಗೆ ಹೋಗಬೇಕು" ಅಂತ ಒಂದೇ ಸಾಲು ಬರದಾರ. ಎಲ್ಲಿ, ಯಾವಾಗ, ಯಾರಿಗಿ ಕೇಳಬೇಕು, ಒಂದೂ ಇಲ್ಲ.

ಗೊತ್ತಿದ್ದವರು ಹೇಳ್ರಿ. ಇಂಥ ಮೀಟಿಂಗ್ ನಮ್ಮ ಕಡಿ ಹುಡುಕೋದು ಹೆಂಗ? ಹೆಸರು, ಆಧಾರ್ ಎಲ್ಲಾ ಬರಸ್ಕೋತಾರೇನು? ಫೀಸ್ ಎಷ್ಟು? ಮೊದಲನೇ ದಿನಾನೇ ಎದ್ದು ನಿಂತು ಮಾತಾಡು ಅಂತಾರೇನು? ಅಣ್ಣ ಅದಕ್ಕೇ ಹೆದರ್ಲತ್ತಾನ. ಊರ ಮಂದಿ ನೋಡಿದ್ರ ಮರ್ಯಾದಿ ಪ್ರಶ್ನೆ ಬ್ಯಾರೆ. ನಾನು ಇಲ್ಲಾ ವೈನಿ ಕೂಡ ಹೋಗಬಹುದಾ? ಅಂವಗ ಕನ್ನಡ, ಒಂದಿಷ್ಟು ಹಿಂದಿ ಬರ್ತದ, ಇಂಗ್ಲಿಷ್ ಬರಂಗಿಲ್ಲ. ಇನ್ನೊಂದು, ಈ ಮೀಟಿಂಗ್ ಶುರುವಾದ್ರ ಗುಳಗಿ ಬಿಡಬಹುದು ಅಂತ ಯಾರೋ ಅಂವಗ ಹೇಳ್ಯಾರ. ಖರೇ ಏನು?

ಭೀಮಾತೀರ ಉತ್ತರ:

ಹುಡುಕೋದರ ಬಗ್ಗೆ ಅಷ್ಟೇ ಹೇಳ್ತೀನಿ, ಉಳಿದದ್ದು ಬ್ಯಾರೆಯವರು ಹೇಳಲಿ.

ಗೂಗಲ್ ಮ್ಯಾಪಿನಾಗ "ಡಿ-ಅಡಿಕ್ಷನ್" ಅಂತ ಹಾಕಿ ಹುಡುಕಬ್ಯಾಡ್ರಿ. ಅಲ್ಲಿ ಬರೋದು ಹೆಚ್ಚಾಗಿ ರೊಕ್ಕ ತಗೊಂಡು ತಿಂಗಳಗಟ್ಟಲೆ ಇಟ್ಕೊಳ್ಳೋ ಖಾಸಗಿ ಕೇಂದ್ರಗಳು. ನಿಮಗ ಬೇಕಾದ್ದು ಅದಲ್ಲ. ಎ.ಎ., ಪೂರಾ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದ್ರ ಕುಡಿತ ಬಿಟ್ಟವರು, ಬಿಡಬೇಕು ಅಂತಿರೋರು ತಾವೇ ಸೇರಿ ನಡೆಸೋ ಗುಂಪು. ದವಾಖಾನಿ ಅಲ್ಲ, ಆಶ್ರಮ ಅಲ್ಲ, ಹಾಸಿಗಿ ಇರಂಗಿಲ್ಲ, ಡಾಕ್ಟರೂ ಇರಂಗಿಲ್ಲ. 1935ರಾಗ ಅಮೆರಿಕಾದ ಆಕ್ರನ್ ಊರಾಗ ಇಬ್ಬರು ಕುಡುಕರು, ಅದರಾಗ ಒಬ್ಬರು ಸರ್ಜನ್, ಸೇರಿ ಶುರು ಮಾಡಿದ್ದು. ಭಾರತದಾಗ 1957ರಿಂದ ಅದ. ಬೋರ್ಡ್ ಹಾಕಿ ಜಾಹೀರಾತು ಕೊಡೋ ಪದ್ಧತಿ ಅವರಲ್ಲಿ ಇಲ್ಲ, ಅದಕ್ಕೇ ಹುಡುಕೋದು ತ್ರಾಸು.

ಎ.ಎ. ಇಂಡಿಯಾ ವೆಬ್‌ಸೈಟಿನಾಗ ಮೀಟಿಂಗ್ ಪಟ್ಟಿ ಅದ. ಪಟ್ಟಿ ನೋಡಿದ ಕೂಡಲೇ ಬಸ್ ಹತ್ತಬ್ಯಾಡ್ರಿ. ಸಣ್ಣ ಊರಿನ ಗುಂಪುಗಳು ಜಾಗ ಬದಲಿಸ್ತಾವ, ಕೆಲವು ನಿಂತೇ ಹೋಗಿರ್ತಾವ, ಪಟ್ಟಿ ಮಾತ್ರ ಹಂಗೇ ಉಳದಿರ್ತದ. ಫೋನ್ ಹಚ್ಚಿ ಕೇಳ್ರಿ: ಈ ವಾರ ಮೀಟಿಂಗ್ ನಡೀಲತ್ತದೇನು, ಯಾವ ದಿನ ಎಷ್ಟು ಗಂಟೆಗೆ, ಕಟ್ಟಡದ ಯಾವ ಖೋಲಿ, ಓಪನ್ನೋ (ಮನೆಯವರೂ ಬರಬಹುದು) ಕ್ಲೋಸ್ಡೋ (ಕುಡಿತದ ತೊಂದರೆ ಇರೋರಿಗಷ್ಟೇ), ಯಾವ ಭಾಷೆ. ಫೋನ್ ಎತ್ತೋರು ಪಗಾರದ ಮಂದಿ ಅಲ್ಲ, ತಮ್ಮ ಕೆಲಸ ಮುಗಿಸಿ ಬಂದು ಎತ್ತೋರು. ಹಗಲು ಉತ್ತರ ಬರಲಿಲ್ಲಂದ್ರ ಸಂಜೆ 7ರಿಂದ 9ರ ನಡುವೆ ಮತ್ತೊಮ್ಮೆ ಹಚ್ರಿ.

ಪಟ್ಟಿಯಾಗ ನಿಮ್ಮ ಊರು ಕಾಣಲಿಲ್ಲ ಅಂದ್ರ ಮುಂಬೈದಾಗಿರೋ ಅವರ ಮುಖ್ಯ ಆಫೀಸಿಗೆ ಹಚ್ಚಿ, ಕಲಬುರಗಿಗಿ ಹತ್ತಿರದ ಸದಸ್ಯರ ನಂಬರ್ ಕೇಳ್ರಿ. ಕುಡಿಯೋ ಮನುಷ್ಯ ತಾನೇ ಮಾತಾಡಿದ್ರ ಕೆಲಸ ಲಗೂ ಆಗ್ತದ. ತಮ್ಮಂದಿರು, ಹೆಂಡ್ತಿ ಹಚ್ಚಿದ್ರ ಮಾಹಿತಿ ಕೊಡ್ತಾರ, ಆದ್ರ "ಅವರೇ ಒಮ್ಮೆ ಮಾತಾಡಲಿ" ಅಂತ ಕೇಳೇ ಕೇಳ್ತಾರ. ಮನೀಗಿ ಬರೋದಿದ್ರ ಸಾಮಾನ್ಯವಾಗಿ ಇಬ್ಬರು ಸದಸ್ಯರು ಕೂಡಿ ಬರ್ತಾರ, ಒಬ್ಬರೇ ಬರಂಗಿಲ್ಲ. ಅವರು ಬಂದಾಗ ಅಣ್ಣ ಕುಡಿದಿರಬಾರದು, ಮನಿ ಮಂದಿ ಸುತ್ತ ಕೂತು ಪಂಚಾಯ್ತಿ ಮಾಡಬಾರದು.

ಇನ್ನೊಂದು ದಾರಿ ದವಾಖಾನಿದು. ಕಲಬುರಗಿ ಜಿಮ್ಸ್, ಬೀದರ್ ಬ್ರಿಮ್ಸ್, ಯಾದಗಿರಿ ಯಿಮ್ಸ್, ಈ ಮೂರೂ ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನ್ಯಾಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಯಾರು ಅಂತ ಕೇಳ್ರಿ. ಅದರಾಗಿನ ಸೋಷಿಯಲ್ ವರ್ಕರ್ ಹತ್ರ ನಡೀತಿರೋ ಗುಂಪಿನ ಸುದ್ದಿ ಇರ್ತದ. ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಯೋಜನೆಯಾಗ ಮಂಗಳವಾರ ಮನೋವೈದ್ಯರು ಬರ್ತಾರ. ಚಿತ್ತಾಪುರ, ಸೇಡಂ, ಆಳಂದ ಕಡಿಯವರು ಅದಕ್ಕಾಗಿ ಕಲಬುರಗಿ ತನಕ ಓಡೋ ಮೊದಲು ಅಲ್ಲೇ ವಿಚಾರಿಸ್ರಿ. ಫೋನ್‌ನಾಗೇ ಕೇಳಬೇಕಂದ್ರ 14446 ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ ಮಾನಸ್, ಅಂದ್ರ ಮಾನಸಿಕ ಆರೋಗ್ಯ ಸಹಾಯವಾಣಿ. ಎರಡೂ ಉಚಿತ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತ ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ ಕೇಳಿರ್ತೀರಿ, 8 ದಿವಸದ್ದು. ಶಿಬಿರಕ್ಕಿಂತ ನಿಮಗ ಉಪಯೋಗ ಆಗೋದು ಅದರ ನಂತರದ "ನವಜೀವನ ಸಮಿತಿ". ಬಿಟ್ಟವರು ಊರಲ್ಲೇ ಸೇರ್ತಿರ್ತಾರ. ಪದ್ಧತಿ ಎ.ಎ.ಗಿಂತ ಬ್ಯಾರೆ, ಭಜನೆ-ಪ್ರಾರ್ಥನೆ ಹೆಚ್ಚು, ಭಾಷೆ ಪೂರಾ ಕನ್ನಡ. ಯೋಜನೆಯ ತಾಲ್ಲೂಕು ಕಚೇರಿಯಾಗ ಕೇಳಿದ್ರ ಹತ್ತಿರದ ಸಮಿತಿ ಯಾವುದು ಅಂತ ಹೇಳ್ತಾರ. ಎರಡಕ್ಕೂ ಹೋಗಬಾರದು ಅಂತ ಯಾವ ನಿಯಮಾನೂ ಇಲ್ಲ.

ಗಡಿಯಾರ ಚೌಕ ಉತ್ತರ:

ಮೊದಲ ದಿನದ ಬಗ್ಗೆ.

ಹೆಸರು ಬರಸ್ಕೊಳ್ಳಂಗಿಲ್ಲ. ರಜಿಸ್ಟರ್ ಇಲ್ಲ, ಆಧಾರ್ ಇಲ್ಲ, ಫೋಟೋ ಇಲ್ಲ. ಬರೀ ಹೆಸರಷ್ಟೇ, ಅಡ್ಡಹೆಸರು ಹೇಳೋದಿಲ್ಲ. ನಮ್ಮ ಕಡೆ ಅಡ್ಡಹೆಸರಿನಾಗೇ ಜಾತಿ, ಊರು, ಮನೆತನ ಎಲ್ಲಾ ತಿಳೀತದ, ಹಂಗಾಗಿ ಈ ಪದ್ಧತಿ ನಮಗ ಇನ್ನೂ ಅನುಕೂಲ. ಸೇರಲಿಕ್ಕೆ ಇರೋ ಷರತ್ತು ಒಂದೇ, ಕುಡಿತ ಬಿಡಬೇಕು ಅನ್ನೋ ಮನಸ್ಸು. ಬಿಟ್ಟಿರಬೇಕು ಅಂತಲ್ಲ.

ಫೀಸ್ ಇಲ್ಲ. ಕೊನೆಗೆ ಒಂದು ಚೀಲವೋ ಡಬ್ಬಿಯೋ ಸುತ್ತ ಬರ್ತದ. ಸದಸ್ಯರು 10-20 ರೂಪಾಯಿ ಹಾಕ್ತಾರ, ಖೋಲಿ ಬಾಡಿಗೆ ಮತ್ತ ಚಹಾಕ್ಕ. ಹೊಸಬರು ಹಾಕಬೇಕಿಲ್ಲ, ಹೊರಗಿನವರ ರೊಕ್ಕ ಅವರು ತಗೋಳ್ಳೋದೇ ಇಲ್ಲ. ಯಾರಾದ್ರೂ "ಎ.ಎ. ಸೇರಿಸ್ತೀವಿ, ಇಷ್ಟು ಸಾವಿರ ಕಟ್ಟು" ಅಂದ್ರ ಅದು ಎ.ಎ. ಅಲ್ಲ, ಅಲ್ಲಿಂದಾನೇ ವಾಪಸ್ ಬರ್ರಿ.

ಖೋಲಿ ಸಾಮಾನ್ಯವಾಗಿ ಶಾಲೆ, ಚರ್ಚ್ ಹಾಲ್, ಸಮುದಾಯ ಭವನ ಅಥವಾ ದವಾಖಾನಿಯ ಒಂದು ಕೋಣೆ. ಒಂದು ಗಂಟೆಯಿಂದ ಒಂದೂವರೆ ಗಂಟೆ ನಡೀತದ. 10-15 ನಿಮಿಷ ಮೊದಲೇ ಹೋದ್ರ ಚಹಾ ಇಡೋರು, ಕುರ್ಚಿ ಹಾಕೋರು ಇರ್ತಾರ, "ಹೊಸಬ ಇದೀನಿ" ಅಂದ್ರ ಸಾಕು, ಒಬ್ಬರು ಪಕ್ಕದಾಗ ಕೂಡಿಸ್ಕೋತಾರ. ತಡಾ ಮಾಡಿ ಹೋಗಿ ಬಾಗಿಲದಾಗ ನಿಂತ್ರ ಎಲ್ಲರೂ ತಿರುಗಿ ನೋಡ್ತಾರ. ಹೆದರೋ ಮನುಷ್ಯ ಅಲ್ಲಿಂದಾನೇ ಹೊಳ್ಳಿ ಹೋಗ್ತಾನ.

ಶುರುವಿಗೆ ಒಂದು ನಿಮಿಷ ಮೌನ, ಚಿಕ್ಕ ಪ್ರಾರ್ಥನೆ, ಆಮೇಲೆ ಎ.ಎ. ಅಂದ್ರ ಏನು ಅಂತ ಒಂದು ಪರಿಚ್ಛೇದ ಓದ್ತಾರ. ಒಬ್ಬರು ನಡೆಸಿಕೊಡ್ತಾರ. ಉಳಿದವರು ಒಬ್ಬೊಬ್ಬರಾಗಿ ಮೂರ್ನಾಲ್ಕು ನಿಮಿಷ ಮಾತಾಡ್ತಾರ: ಕುಡಿತ ಏನು ಮಾಡ್ತು, ಹೆಂಗ ನಿಂತಿತು, ಈಗ ಹೆಂಗ ಅದ. ನಡುವೆ ಯಾರೂ ಬಾಯಿ ಹಾಕಂಗಿಲ್ಲ, ಪ್ರಶ್ನೆ ಕೇಳಂಗಿಲ್ಲ, ಬುದ್ಧಿ ಹೇಳಂಗಿಲ್ಲ. ಊರ ಕಟ್ಟಿಗೂ ಇದಕ್ಕೂ ಇರೋ ದೊಡ್ಡ ಫರಕು ಇದೇ. ನಿಮ್ಮ ಅಣ್ಣನ ಸರದಿ ಬಂದಾಗ "ನಾನು ಇವತ್ತ ಕೇಳ್ತೀನ್ರಿ" ಅಂದ್ರ ಮುಗೀತು, ಯಾರೂ ಒತ್ತಾಯ ಮಾಡಂಗಿಲ್ಲ. ಎರಡನೇ ಸಲಾನೂ, ಹತ್ತನೇ ಸಲಾನೂ ಹಂಗೇ ಅಂದ್ರೂ ನಡೀತದ.

ಓಪನ್ ಮೀಟಿಂಗಿಗೆ ಮನೆಯವರು, ಡಾಕ್ಟರು, ವಿದ್ಯಾರ್ಥಿಗಳು ಯಾರು ಬೇಕಾದ್ರೂ ಬರಬಹುದು. ಕ್ಲೋಸ್ಡ್ ಅಂದ್ರ ಕುಡಿತದ ತೊಂದರೆ ಇರೋರು ಮಾತ್ರ. ಫೋನ್‌ನಾಗ ಇದನ್ನ ಕೇಳದೇ ಹೋಗಿ ವೈನಿಯವರು ಹೊರಗ ಮೆಟ್ಟಿಲ ಮ್ಯಾಲ ಒಂದೂವರೆ ಗಂಟೆ ಕೂಡೋ ಪರಿಸ್ಥಿತಿ ಬರಬಾರದು.

ಒಂದೇ ಮೀಟಿಂಗ್ ನೋಡಿ "ನನಗಿದು ಆಗಂಗಿಲ್ಲ" ಅಂತ ತೀರ್ಮಾನ ಮಾಡಬ್ಯಾಡ್ರಿ. ಗುಂಪಿನಿಂದ ಗುಂಪಿಗೆ ಹವಾ ಬ್ಯಾರೆ ಇರ್ತದ: ಒಂದರಾಗ ವಯಸ್ಸಾದವರೇ ಹೆಚ್ಚು, ಇನ್ನೊಂದರಾಗ ಬರೀ ಪುಸ್ತಕ ಓದೋದು, ಮತ್ತೊಂದರಾಗ ಕಥೀನೇ ಕಥೀ. ಐದಾರು ಸಲ, ಸಾಧ್ಯ ಆದ್ರ ಎರಡು ಬ್ಯಾರೆ ಗುಂಪು, ನೋಡಿ ಆಮೇಲೆ ಹೇಳ್ರಿ. ದೊಡ್ಡ ಊರಾಗ "90 ದಿವಸದಾಗ 90 ಮೀಟಿಂಗ್" ಅಂತ ಹೊಸಬರಿಗೆ ಹೇಳ್ತಾರ. ವಾರಕ್ಕೊಂದೇ ಮೀಟಿಂಗ್ ಇರೋ ಕಡೆ ಅದು ಆಗದ ಮಾತು. ಉಳಿದ ದಿನಕ್ಕ ಆನ್‌ಲೈನ್ ಮೀಟಿಂಗ್, ಅದೂ ಇಲ್ಲದ ದಿನ ಒಬ್ಬ ಹಳೆ ಸದಸ್ಯರಿಗೆ ಒಂದು ಫೋನ್. ಮೊದಲ ದಿನಾನೇ ಮೂರ್ನಾಲ್ಕು ನಂಬರ್ ತಗೊಂಡು ಬರ್ರಿ. ನಂಬರ್ ಇಟ್ಕೊಂಡು ಹಚ್ಚದೇ ಇದ್ರ ಏನೂ ಉಪಯೋಗ ಇಲ್ಲ, ಕುಡೀಬೇಕು ಅನಿಸದೇ ಇರೋ ದಿನಾನೇ ಹಚ್ಚಿ ರೂಢಿ ಮಾಡ್ಕೋಬೇಕು. ಇಲ್ಲಂದ್ರ ಬೇಕಾದ ದಿನ ಕೈ ಏಳಂಗಿಲ್ಲ.

ಸ್ಪಾನ್ಸರ್, ಅಂದ್ರ ಹೊಸಬರಿಗೆ ದಾರಿ ತೋರಿಸೋ ಹಳೆ ಸದಸ್ಯ, ಅನ್ನೋದು ಮುಂದಿನ ಮಾತು. ಎ.ಎ.ಯ ಹನ್ನೆರಡು ಹೆಜ್ಜೆ (ಕುಡಿತದಿಂದ ಹೊರಗ ಬರೋ ಹಂತಗಳು) ತಾನು ಮಾಡಿ ಮುಗಿಸಿದ, ಸುಮಾರು ಕಾಲದಿಂದ ಕುಡಿಯದ ಒಬ್ಬರನ್ನ ಅಣ್ಣ ತಾನೇ ಕೇಳ್ಕೋಬೇಕು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು, ಇದು ರೂಢಿ. ಸ್ಪಾನ್ಸರ್ ಹತ್ರ ರೊಕ್ಕ ಕೈಗಡ ಕೇಳೋದು, ನೌಕರಿ ಕೇಳೋದು ಬ್ಯಾಡ. ಸಣ್ಣ ಊರಿನ ಗುಂಪುಗಳು ಒಡೆಯೋದು ಹೆಚ್ಚಾಗಿ ಈ ಕೈಗಡದ ವ್ಯವಹಾರದಿಂದಾನೇ.

ವಾರ್ಡ್ ದೀಪ ಉತ್ತರ:

ಮಾತ್ರೆಗಳ ಬಗ್ಗೆ ಕೇಳಿದ್ದೀರಿ. ನೇರ ಉತ್ತರ: ಮೀಟಿಂಗ್ ಶುರುವಾಯಿತೆಂದು ಯಾವ ಮಾತ್ರೆಯನ್ನೂ ಬಿಡಬಾರದು. ಔಷಧ ವಿಚಾರ ರೋಗಿ ಮತ್ತು ವೈದ್ಯರಿಗೆ ಬಿಟ್ಟದ್ದು ಎಂಬುದು ಎ.ಎ.ಯದೇ ಅಧಿಕೃತ ನಿಲುವು. ಗುಂಪಿನಲ್ಲಿ ಯಾರಾದರೂ ಹಿರಿಯರು "ಗುಳಗಿ ಬ್ಯಾಡ, ಇಲ್ಲಿ ಬಂದ್ರ ಸಾಕು" ಎಂದರೆ ಅದು ಅವರ ಸ್ವಂತ ಮಾತು, ಗುಂಪಿನದಲ್ಲ.

ಈ ಥ್ರೆಡ್ ಓದುವ ಬೇರೆ ಮನೆಯವರಿಗೂ ಸೇರಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಅಣ್ಣ ಆಸ್ಪತ್ರೆ ದಾಟಿ ಬಂದಿದ್ದಾರೆ, ಎಲ್ಲರೂ ಹಾಗೆ ಬರುವುದಿಲ್ಲ. 180 ಮಿ.ಲೀ. ಕ್ವಾರ್ಟರ್‌ನಲ್ಲಿ ಶೇ 42.8ರ ಲೆಕ್ಕದಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ದಿನಕ್ಕೆ ಎರಡು ಎಂದರೆ 120 ಗ್ರಾಂ. ವರ್ಷಗಟ್ಟಲೆ ಇಷ್ಟು ಕುಡಿದವರು ಮನೆಯಲ್ಲಿ ಒಮ್ಮೆಗೇ ನಿಲ್ಲಿಸಿ ನೇರವಾಗಿ ಮೀಟಿಂಗಿಗೆ ಹೋಗುವುದು ಅಪಾಯ. ಕೊನೆಯ ಗುಟುಕಿನ ನಂತರ 6ರಿಂದ 12 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಭ್ರಮೆ: ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಇಲ್ಲದವರ ಜತೆ ಮಾತು, ಹಗಲು-ರಾತ್ರಿ ಗೊತ್ತಾಗದಿರುವುದು, ಜ್ವರ. ಇದು ಜೀವಕ್ಕೆ ಅಪಾಯ, 108ಕ್ಕೆ ಕರೆ ಮಾಡುವ ಹೊತ್ತು. "ಗಾಳಿ ಬಡದದ" ಎಂದು ದೇವರು ಕೇಳಿಸಲು ಹೋದರೆ ಅಷ್ಟು ಗಂಟೆಗಳು ಕೈತಪ್ಪುತ್ತವೆ. ಹಿಂದೆ ಒಮ್ಮೆ ಫಿಟ್ಸ್ ಅಥವಾ ಭ್ರಮೆ ಬಂದವರಿಗೆ ಮುಂದಿನ ಸಲ ಅದು ಇನ್ನೂ ಜೋರಾಗುವ ಸಂಭವ ಹೆಚ್ಚು. ಆದ್ದರಿಂದ ಮರಳಿ ಕುಡಿದು ಮತ್ತೆ ಬಿಡುವಾಗಲೂ ವೈದ್ಯರ ಹತ್ತಿರ ಹೋಗಬೇಕು.

ನಮ್ಮ ಭಾಗದ ಒಂದು ರೂಢಿ ಎಂದರೆ ಸುಸ್ತಾದ ಕೂಡಲೇ ಹಳ್ಳಿ ಡಾಕ್ಟರ ಹತ್ತಿರ ಸಲೈನ್ ಬಾಟ್ಲಿ ಹಚ್ಚಿಸುವುದು. ಅದು ಗ್ಲೂಕೋಸ್ ಬಾಟ್ಲಿಯಾಗಿದ್ದರೆ, ಮೊದಲು ಥಯಾಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟಿರಬೇಕು. ಕುಡಿಯುವವರ ಮೈಯಲ್ಲಿ ಬಿ1 ಖಾಲಿಯಾಗಿರುತ್ತದೆ. ಗ್ಲೂಕೋಸ್ ಅರಗಿಸಲು ಇದ್ದಬದ್ದದ್ದೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳುತ್ತದೆ. ನೆನಪಿನ ಶಕ್ತಿ ಕಾಯಂ ಹೋಗಬಹುದು.

ಸೇಂದಿ ಕುಡಿಯುವವರಾದರೆ ಅದನ್ನೂ ವೈದ್ಯರಿಗೆ ಹೇಳಿ. ಯಾದಗಿರಿ, ಸೇಡಂ, ಗುರುಮಠಕಲ್‌ನಿಂದ ತೆಲಂಗಾಣ ಗಡಿಯವರೆಗೆ ಸಿಗುವ ಕಲಬೆರಕೆ ಸೇಂದಿಯಲ್ಲಿ ಸಿ.ಎಚ್. ಪೌಡರ್ ಎನ್ನುವ ಕ್ಲೋರಲ್ ಹೈಡ್ರೇಟ್, ಇಲ್ಲವೇ ಡಯಾಜಿಪಾಮ್, ಆಲ್ಪ್ರಜೋಲಂನಂಥ ನಿದ್ದೆ ಬರಿಸುವ ಔಷಧ ಬೆರೆಸುತ್ತಾರೆ. "ಸೇಂದಿ ಅಷ್ಟೇ, ದಾರು ಅಲ್ಲ" ಎಂದು ಮನೆಯವರು ಹಗುರ ಮಾಡಿ ಹೇಳಿದರೆ ವೈದ್ಯರ ಲೆಕ್ಕವೇ ತಪ್ಪುತ್ತದೆ.

ಈಗ ಚೀಟಿಯಲ್ಲಿರಬಹುದಾದ ಮಾತ್ರೆಗಳು. ಕ್ಲೋರ್‌ಡಯಾಜಿಪಾಕ್ಸೈಡ್ ಅಥವಾ ಲೋರಾಜಿಪಾಮ್ ನಡುಕ, ಫಿಟ್ಸ್ ತಡೆಯಲು. ಬರೆದ ಪ್ರಕಾರ ಕಡಿಮೆ ಮಾಡುತ್ತ ಹೋಗಿ ನಿಲ್ಲಿಸಬೇಕು, ನಿದ್ದೆ ಬರುತ್ತದೆಂದು ಮುಂದುವರಿಸುವಂತಿಲ್ಲ, ಅದೇ ಇನ್ನೊಂದು ಚಟವಾಗುತ್ತದೆ. ಅದನ್ನು ನುಂಗುವ ದಿನಗಳಲ್ಲಿ ಬೈಕ್ ಬೇಡ, ಯಂತ್ರದ ಕೆಲಸವೂ ಬೇಡ. ನಾಲ್ಟ್ರೆಕ್ಸೋನ್ 50 ಮಿ.ಗ್ರಾಂ., ಅಕಾಂಪ್ರೊಸೇಟ್ 333 ಮಿ.ಗ್ರಾಂ. ಎರಡೆರಡು ಮಾತ್ರೆ ದಿನಕ್ಕೆ ಮೂರು ಹೊತ್ತು: ಇವು ಆಸೆ ಕಡಿಮೆ ಮಾಡುವವು. ನಾಲ್ಟ್ರೆಕ್ಸೋನ್ ಜತೆ ಟ್ರಮಡಾಲ್‌ನಂಥ ನೋವಿನ ಮಾತ್ರೆ ಕೆಲಸ ಮಾಡುವುದಿಲ್ಲ, ಹಲ್ಲಿನ ಡಾಕ್ಟರಿಗೂ ಮೊದಲೇ ಹೇಳಿ.

ಡೈಸಲ್ಫಿರಾಮ್ ಬರೆದಿದ್ದರೆ ಎಲ್ಲಕ್ಕಿಂತ ಹೆಚ್ಚು ಎಚ್ಚರ. ಕುಡಿದು ಕನಿಷ್ಠ 12 ಗಂಟೆ ಕಳೆದ ಮೇಲಷ್ಟೇ ಶುರು. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿ, ಎದೆಬಡಿತ, ಬಿ.ಪಿ. ಇಳಿತ. ಹೃದ್ರೋಗ ಇರುವವರ ಪ್ರಾಣವೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ 14 ದಿನದವರೆಗೆ ಈ ಪರಿಣಾಮ ಇರುತ್ತದೆ. ರೊಟ್ಟಿ-ಸಾರಿನಲ್ಲಿ ಗೊತ್ತಾಗದಂತೆ ಬೆರೆಸಿ ಕೊಡುವುದನ್ನು ಯಾರು ಹೇಳಿಕೊಟ್ಟರೂ ಮಾಡಬೇಡಿ. "ಗೊತ್ತಿಲ್ಲದಂಗ ದಾರು ಬಿಡಿಸೋ ಪುಡಿ" ಎಂದು ಮಾರುವವರ ಬಳಿಯಂತೂ ಏನಿರುತ್ತದೋ ಯಾರಿಗೂ ಗೊತ್ತಿಲ್ಲ.

ಗುಂಪು ಬರೀ ಮನಸ್ಸಿನ ಸಮಾಧಾನಕ್ಕೆ ಎಂದುಕೊಳ್ಳಬೇಡಿ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನ, 10,565 ಜನರ ಮಾಹಿತಿ ನೋಡಿತು. ಎ.ಎ.ಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಪೂರ್ತಿ ಕುಡಿಯದೇ ಉಳಿದವರ ಪ್ರಮಾಣ ಬೇರೆ ಮನಶ್ಶಾಸ್ತ್ರೀಯ ಚಿಕಿತ್ಸೆಗಳಿಗಿಂತ ಹೆಚ್ಚಿತ್ತು. ಗಮನಿಸಿ, "ಕ್ರಮವಾಗಿ ಜೋಡಿಸುವ". ಚೀಟಿಯಲ್ಲಿ ಒಂದು ಸಾಲು ಬರೆದು ಕಳಿಸುವುದು ಅದಲ್ಲ. ಮುಂದಿನ ಫಾಲೋಅಪ್‌ಗೆ ಹೋದಾಗ ಗುಂಪಿನ ಒಬ್ಬರ ನಂಬರನ್ನು ಅಲ್ಲೇ ಕೊಡಿಸಿ, ಅಲ್ಲಿಂದಲೇ ಫೋನ್ ಹಚ್ಚಿಸಿ ಎಂದು ಕೇಳಿ. ಆ ಒಂದು ಫೋನ್‌ನಿಂದ ಹೋಗುವವರ ಸಂಖ್ಯೆಯೇ ಬೇರೆಯಾಗುತ್ತದೆ.

ಶಹಾಬಾದ್ ಕಲ್ಲು:

ಭಾಳ ಉಪಕಾರ ಆಯ್ತ್ರಿ. ಡೈಸಲ್ಫಿರಾಮ್ ಚೀಟಿ ಮ್ಯಾಲ ಇಲ್ಲ, ನಾಲ್ಟ್ರೆಕ್ಸೋನ್ ಅದ. ಇನ್ನೆರಡು ಪ್ರಶ್ನೆ. ಬಿ ಶಿಫ್ಟ್ ಅಂದ್ರ ಮಧ್ಯಾಹ್ನ 2ರಿಂದ ರಾತ್ರಿ 10, ಆ ವಾರ ಸಂಜೆ ಮೀಟಿಂಗ್ ತಪ್ಪೇ ತಪ್ತದ. ಮತ್ತ ದೇವರ ಮಾತು ಹೆಚ್ಚು ಅಂತ ಕೇಳೀನಿ, ಅಣ್ಣಗ ಅದು ಅಷ್ಟು ಹಿಡಿಸಂಗಿಲ್ಲ. ಆಮ್ಯಾಲ, ವೈನಿ ಸಲುವಾಗಿ ಏನರೇ ಅದಾ?

ಕಾರಂಜಾ ಕಾಲುವೆ ಉತ್ತರ:

ನಿಮ್ಮ ವೈನಿ ಬಗ್ಗೆ ಮೊದಲು, ಯಾಕಂದ್ರ ಈ ವಿಷಯದಾಗ ಹೆಂಗಸರನ್ನ ಎಲ್ಲರೂ ಕಡೀಗೇ ನೆನಸ್ಕೋತಾರ.

ಕುಡಿಯೋರ ಮನೆಯವರಿಗೆ ಅಲ್-ಅನಾನ್ ಅಂತ ಬ್ಯಾರೆ ಗುಂಪು ಅದ, 1951ರಿಂದ. ಎ.ಎ. ಬ್ಯಾರೆ, ಇದು ಬ್ಯಾರೆ, ಹಣಕಾಸು ಆಡಳಿತ ಯಾವುದೂ ಕೂಡಿಲ್ಲ. ಹದಿಹರೆಯದ ಮಕ್ಕಳಿಗೆ ಅಲಾಟೀನ್. ನಮ್ಮ ಮೂರು ಜಿಲ್ಲೆಯಾಗ ಎದುರು ಕೂತು ನಡೆಸೋ ಅಲ್-ಅನಾನ್ ಹುಡುಕೋದಕ್ಕಿಂತ ಆನ್‌ಲೈನ್ ಸೇರೋದು ಲಗೂ ಆಗ್ತದ. ಗಂಡ ಮೀಟಿಂಗಿಗೆ ಹೋಗಲಿ ಬಿಡಲಿ, ಕುಡಿತ ಬಿಡಲಿ ಬಿಡದಿರಲಿ, ಹೆಂಡ್ತಿ ಹೋಗಬಹುದು. ಗಂಡನ ಒಪ್ಪಿಗಿ ಬೇಕಿಲ್ಲ.

ಅಲ್ಲಿ ಗಂಡನ್ನ ಹೆಂಗ ಬಿಡಿಸಬೇಕು ಅಂತ ಕಲಿಸಂಗಿಲ್ಲ. ತಾನು ಏನು ಮಾಡೋದು ನಿಲ್ಲಿಸಬೇಕು ಅನ್ನೋದು ವಿಚಾರ. ಫ್ಯಾಕ್ಟರಿಗೆ "ಜ್ವರ ಬಂದದ" ಅಂತ ತಾನೇ ಫೋನ್ ಹಚ್ಚೋದು, ಕಿರಾಣಿ ಅಂಗಡಿ ಉದ್ರಿ ತೀರಿಸೋದು, ಬಾಟ್ಲಿ ಹುಡುಕಿ ಮೋರಿಗೆ ಸುರಿಯೋದು, ದಿನಾ ಬಾಯಿ ಮೂಸಿ ನೋಡೋದು. ಒಳ್ಳೇ ಮನಸ್ಸಿನಿಂದಾನೇ ಮಾಡೋದು, ಆದ್ರ ಕುಡಿತದ ಖರ್ಚನ್ನ ಕುಡಿಯೋರ ತಲಿ ಮ್ಯಾಲಿಂದ ಇಳಿಸಿ ತನ್ನ ತಲಿ ಮ್ಯಾಲ ಹಾಕ್ಕೊಂಡಂಗ ಆಗ್ತದ.

ಹೊಡೆತ-ಬಡಿತ ಇದ್ದ ಮನೆಯಾದ್ರ ಗುಂಪಿನ ಮಾತು ಆಮೇಲೆ. 112 ಪೊಲೀಸ್, 181 ಮಹಿಳಾ ಸಹಾಯವಾಣಿ, ಜಿಲ್ಲಾ ಕೇಂದ್ರದಾಗ ನೊಂದ ಹೆಂಗಸರಿಗೆ ನೆರವಾಗೋ ಸಖಿ ಕೇಂದ್ರ. "ಕುಡಿದಾಗ ಹೊಡೀತಾನ, ಬಿಟ್ಟ ಮ್ಯಾಲ ಸರಿಹೋಗ್ತದ" ಅಂತ ಕಾಯಬಾರದು.

ಇನ್ನು ಕೂಡಿಟ್ಟು ಬಿಡಿಸೋ ಕೇಂದ್ರಗಳ ಏಜೆಂಟರು ಇಂಥ ಹೊತ್ತಿನಾಗೇ ಮನೀಗಿ ಬರ್ತಾರ, "ನಾವೇ ಗಾಡಿ ತಂದು ಎತ್ತಿಕೊಂಡು ಹೋಗ್ತೀವಿ" ಅಂತ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯವ್ಯಸನಕ್ಕೂ ಅನ್ವಯಿಸ್ತದ. ಒಪ್ಪಿಗಿ ಇಲ್ಲದ ದಾಖಲಾತಿಗೆ ವೈದ್ಯರ ಪರೀಕ್ಷೆ, ನಾಮನಿರ್ದೇಶಿತ ಪ್ರತಿನಿಧಿಯ (ರೋಗಿ ಪರವಾಗಿ ಮಾತಾಡೋರ) ಅರ್ಜಿ, 30 ದಿವಸದ ಮಿತಿ, ಎಲ್ಲಾ ಅದ. ಸರಪಳಿ ಹಾಕೋದು ಕಾನೂನುಬಾಹಿರ. ನೋಂದಣಿ ಪತ್ರ, ಮನೋವೈದ್ಯರ ಹೆಸರು ಕೇಳ್ರಿ. ತಡವರಿಸಿದ್ರ ಬಾಗಿಲದಿಂದಾನೇ ಕಳಿಸ್ರಿ.

ವೈನಿ ಒಬ್ಬರೇ ಓಡಾಡೋದಿದ್ರ ಸಾರಿಗೆ ಸಂಸ್ಥೆಯ ಆರ್ಡಿನರಿ, ಎಕ್ಸ್‌ಪ್ರೆಸ್ ಬಸ್ಸಿಗೆ ಹೆಂಗಸರ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಅದ, ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಇದ್ರ ಸಾಕು.

ಹುಮನಾಬಾದ್ ಹಾದಿ ಉತ್ತರ:

ಭೀಮಾತೀರ ಅಣ್ಣ ಹೇಳಿದ್ದಕ್ಕ ಒಂದು ಸೇರಿಸ್ತೀನಿ, ಒಂದು ಒಪ್ಪಂಗಿಲ್ಲ.

ಸೇರಿಸೋದು: ಗಡಿ ದಾಟಿ ನೋಡ್ರಿ. ಬೀದರ್ ಮಂದಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ರ, ಕಲಬುರಗಿ-ಆಳಂದ ಮಂದಿಗೆ ಸೊಲ್ಲಾಪುರ. ಮಹಾರಾಷ್ಟ್ರದಾಗ ಮರಾಠಿ ಗುಂಪು, ಹೈದರಾಬಾದ್-ಸಿಕಂದರಾಬಾದ್ ಕಡಿ ತೆಲುಗು, ಹಿಂದಿ, ಇಂಗ್ಲಿಷ್. ಭಾಲ್ಕಿ, ಬಸವಕಲ್ಯಾಣ, ಔರಾದದ ಮನುಷ್ಯನಿಗಿ ಮರಾಠಿ ಮನಿ ಭಾಷೆ ಇದ್ದಂಗೇ. ಪಟ್ಟಿ ನೋಡುವಾಗ ಕರ್ನಾಟಕ ಅಂತ ಒಂದೇ ರಾಜ್ಯ ಹಾಕಿ ಹುಡುಕಿ "ಇಲ್ಲ" ಅಂತ ಕೂಡಬ್ಯಾಡ್ರಿ. ದೂರದ ಊರಿನ ಮೀಟಿಂಗಿಗೆ ಇನ್ನೊಂದು ಲಾಭ, ಗುರುತಿನ ಮಂದಿ ಕಾಣಂಗಿಲ್ಲ. ಮೊದಲ ನಾಲ್ಕು ಸಲ ಅಲ್ಲಿಗಿ, ಮುಂದ ಧೈರ್ಯ ಬಂದ ಮ್ಯಾಲ ಊರ ಹತ್ರ.

ಒಪ್ಪದೇ ಇರೋದು: ಶಿಬಿರದ ಸಮಿತಿ, ಎ.ಎ. ಎರಡಕ್ಕೂ ಹೋಗಬಹುದು ಅಂದ್ರಿ. ನಿಯಮ ಇಲ್ಲ, ಖರೇ. ಆದ್ರ ಮೊದಲ ತಿಂಗಳದಾಗ ಎರಡು ಕಡಿ ಎರಡು ಥರ ಮಾತು ಕೇಳಿದ ಮನುಷ್ಯ ಎರಡನ್ನೂ ಬಿಡೋದಕ್ಕ ನೆಪ ಹುಡುಕ್ತಾನ. ಯಾವುದು ಹತ್ರ, ಯಾವುದಕ್ಕ ವಾರ ವಾರ ತಪ್ಪದೇ ಹೋಗಬಹುದು, ಅದನ್ನೇ ಹಿಡೀರಿ.

ಶಿಫ್ಟಿಗೆ ಉತ್ತರ ಆನ್‌ಲೈನ್. ಬಿ ಶಿಫ್ಟ್ ವಾರದಾಗ ಬೆಳಗಿನ ಮೀಟಿಂಗ್, ಎ ಶಿಫ್ಟ್ ವಾರದಾಗ ಸಂಜೆದ್ದು, ಸಿ ಶಿಫ್ಟ್ ಅಂದ್ರ ರಾತ್ರಿ ಡ್ಯೂಟಿಗಿ ಹೋಗೋ ಮೊದಲಿಂದು. ಝೂಮ್‌ನಾಗ ಸೇರೋ ಮೊದಲು ಹೆಸರಿನ ಜಾಗದಾಗ ಬರೀ ಹೆಸರೋ ಒಂದು ಅಕ್ಷರವೋ ಹಾಕ್ರಿ. ಫೋನ್ ಕಂಪನಿಯವರು ಇಟ್ಟ "ರೆಡ್‌ಮಿ ನೋಟ್" ಹೆಸರು ಬಿಟ್ರೂ ನಡೀತದ. ಕಿವಿಗಿ ಇಯರ್‌ಫೋನ್ ಬೇಕೇ ಬೇಕು, ಯಾಕಂದ್ರ ಮಂದಿ ಮಾತಾಡೋದು ಅವರ ಖಾಸಗಿ ವಿಷಯ, ಹಜಾರದಾಗ ಸ್ಪೀಕರ್ ಹಾಕಿ ಕೇಳೋದು ಸರಿಯಲ್ಲ. ಮೊದಲ ಸಲ ವಿಡಿಯೋ ಬಂದ್ ಇಟ್ರ ನಡೀತದ, ಆದ್ರ ತಿಂಗಳಗಟ್ಟಲೆ ಬಂದ್ ಇಟ್ಟು ಅಡ್ಡ ಬಿದ್ಕೊಂಡು ಕೇಳಿದ್ರ ಅದು ರೇಡಿಯೋ ಆಗ್ತದ. ಸ್ಕ್ರೀನ್‌ಶಾಟ್ ಯಾವತ್ತೂ ತೆಗೀಬಾರದು. ಆನ್‌ಲೈನ್ ಹಾಜರಿ ಎಷ್ಟಿದ್ರೂ ತಿಂಗಳಿಗೆ ಒಮ್ಮೆಯಾದ್ರೂ ಎದುರು ಕೂತ ಮೀಟಿಂಗ್ ಇರಲಿ. ಕುಡಿದಿದ್ರ ಅಲ್ಲಿ ಮುಚ್ಚಿಡೋಕ ಆಗಂಗಿಲ್ಲ.

ಫ್ಯಾಕ್ಟರಿಯವರು "ಮೀಟಿಂಗಿಗೆ ಹೋದ ಸರ್ಟಿಫಿಕೇಟ್ ತಾ" ಅಂದ್ರ ಎ.ಎ. ಗುಂಪಿಗೆ ಕೇಳಬ್ಯಾಡ್ರಿ, ಹಾಜರಿ ಪುಸ್ತಕಾನೇ ಇಲ್ಲದವರು ಏನು ಬರದು ಕೊಡ್ತಾರ? ಮನೋವೈದ್ಯರ ಫಿಟ್‌ನೆಸ್ ಪತ್ರ, ಫಾಲೋಅಪ್ ಚೀಟಿ ಕೊಡ್ರಿ.

ದೇವರ ವಿಷಯ: ಹೆಜ್ಜೆಗಳಾಗ ದೇವರ ಮಾತು ಅದ, "ನಾವು ಅರಿತಂಥ ದೇವರು" ಅಂತ. ಯಾವ ದೇವರು ಅಂತ ಹೇಳಿಲ್ಲ, ಪೂಜಾರಿ ಇಲ್ಲ, ಮೌಲ್ವಿ ಇಲ್ಲ. ಒಂದೇ ಖೋಲಿಯಾಗ ಇಷ್ಟಲಿಂಗದವರು, ದರ್ಗಾಕ್ಕ ನಡಕೊಳ್ಳೋರು, ಏನೂ ನಂಬದವರು ಕೂಡ್ತಾರ. ಏನೂ ನಂಬದವರು ಆ ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಅಂತ ಇಟ್ಕೋತಾರ. ಪ್ರಾರ್ಥನೆ ಹೊತ್ತಿಗಿ ಸುಮ್ಮನ ನಿಂತ್ರ ಸಾಕು.

ಸುರಪುರ ಗುಡ್ಡ ಉತ್ತರ:

ಯಾದಗಿರಿ ಕಡೆಯವರು ಈ ಥ್ರೆಡ್ ಓದಿ "ನಮ್ಮಲ್ಲಿ ಯಾವುದೂ ಇಲ್ಲ" ಅನ್ನೋದಕ್ಕಿಂತ ಮೊದಲು: ಎ.ಎ. ಸಂಪ್ರದಾಯದ ಪ್ರಕಾರ ಕುಡಿತದಿಂದ ದೂರ ಇರಬೇಕು ಅಂತ ಸೇರಿದ ಇಬ್ಬರು ಮೂವರು ಇದ್ದರೂ ಅದು ಗುಂಪು, ಬೇರೆ ಯಾವ ಸಂಸ್ಥೆಗೂ ಅಂಟಿಕೊಂಡಿರಬಾರದು ಅಷ್ಟೇ. ಸುರಪುರ, ಶಹಾಪುರದಲ್ಲಿ ಶುರು ಮಾಡೋಕೆ ಯಾರ ಮಂಜೂರಾತಿಯೂ ಬೇಕಿಲ್ಲ. ನಡೆಯೋಕೆ ಶುರುವಾದ ಮೇಲೆ ಮುಂಬೈ ಆಫೀಸಿಗೆ ತಿಳಿಸಿ ಪಟ್ಟಿಗೆ ಸೇರಿಸಿದ್ರೆ ಮುಂದಿನವರಿಗೆ ಸಿಗುತ್ತೆ.

ಜಾಗದ ಆಯ್ಕೆಯಲ್ಲೇ ಅರ್ಧ ಗುಂಪುಗಳು ಸಾಯೋದು. ಯಾವುದೋ ಒಂದು ಸಮಾಜದ ಭವನ ಪುಕ್ಕಟೆ ಸಿಗುತ್ತೆ ಅಂತ ಹಿಡಿದ್ರೆ ಉಳಿದ ಸಮಾಜದವರು ಹೊಸ್ತಿಲು ದಾಟೋದಿಲ್ಲ. ಪಕ್ಷದ ಕಚೇರಿ, ಮುಖಂಡರ ಮನೆ ಮಹಡಿ ಬೇಡವೇ ಬೇಡ. ಸರ್ಕಾರಿ ಶಾಲೆಯ ಒಂದು ಕೋಣೆ, ಇಲ್ಲವೇ ತಾಲ್ಲೂಕು ಆಸ್ಪತ್ರೆಯಲ್ಲಿ ಒಪಿಡಿ ಮುಗಿದ ಮೇಲಿನ ಕೋಣೆ, ಲಿಖಿತ ಮನವಿ ಕೊಟ್ಟು ಕೇಳಿ. ಬಾಡಿಗೆ ಬೇಡ ಅಂದ್ರೂ ಸಣ್ಣ ಮೊತ್ತ ಕೊಟ್ಟು ರಸೀದಿ ತಗೊಳ್ಳಿ. ಪುಕ್ಕಟೆ ಜಾಗ ಕೊಟ್ಟವರು ನಾಳೆ ಬ್ಯಾನರ್ ಕಟ್ಟೋಕೆ ಬರ್ತಾರೆ. ಶಾಲು, ಹಾರ, ಪತ್ರಿಕೆಯ ಫೋಟೋ ಅಂತ ಶುರುವಾದ್ರೆ ಹೆಸರು ಗುಪ್ತವಾಗಿ ಉಳಿಯೋ ಮಾತೆಲ್ಲಿ?

ವಾರ ಮತ್ತು ಹೊತ್ತು ಒಮ್ಮೆ ಇಟ್ಟಮೇಲೆ ಬದಲಿಸಬೇಡಿ. ಒಬ್ಬರೇ ಬಂದರೂ ಬಾಗಿಲು ತೆಗೆದು ಗಂಟೆ ಪೂರ್ತಿ ಕೂರಬೇಕು. ಊರ ಜಾತ್ರೆ, ಉರುಸು, ತೊಗರಿ ರಾಶಿ ಹೊತ್ತಿನಲ್ಲಿ ಹಾಜರಿ ಬೀಳುತ್ತೆ, ಆ ವಾರವೇ ಯಾರೋ ಒಬ್ಬ ಬರೋದು. ಕೀಲಿ ಇಬ್ಬರ ಹತ್ರ ಇರಲಿ. ಒಬ್ಬರ ಹತ್ರವೇ ಇದ್ದು ಅವರು ಊರಿಗೆ ಹೋದ್ರೆ ಅಥವಾ ಮತ್ತೆ ಕುಡಿದ್ರೆ ಅವತ್ತೇ ಗುಂಪು ಮುಗೀತು. ಸೆಕ್ರೆಟರಿ, ಲೆಕ್ಕ ನೋಡೋರು ಆರು ತಿಂಗಳಿಗೊಮ್ಮೆ ಬದಲಾಗಲಿ. ಕನ್ನಡ ಪುಸ್ತಿಕೆಗಳು ಬೆಂಗಳೂರು ಕಡೆಯ ಗುಂಪುಗಳ ಮೂಲಕ ಸಿಗ್ತವೆ, ಶುರುವಿಗೆ ಹತ್ತು ಪ್ರತಿ ಸಾಕು.

ಜನ ಬರೋದು ಹೇಗೆ ಅಂತ ಚಿಂತೆ ಬೇಡ. ಯಿಮ್ಸ್‌ನ ಮನೋವೈದ್ಯ ವಿಭಾಗಕ್ಕೆ, ಮಂಗಳವಾರ ಬರುವ ವೈದ್ಯರಿಗೆ ಒಂದು ಚೀಟಿ ಕೊಡಿ: ವಾರ, ಹೊತ್ತು, ಜಾಗ, ಎರಡು ಫೋನ್ ನಂಬರ್. ಮೂರು ತಿಂಗಳಿಗೊಮ್ಮೆ ಹೋಗಿ ಮತ್ತೆ ಕೊಡಿ, ಡಾಕ್ಟರುಗಳಿಗೆ ವರ್ಗ ಆಗುತ್ತಿರುತ್ತೆ. ಆಗಸ್ಟ್ 1ರಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ, ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ ಚಟಗಳನ್ನೇ ಭಿಕ್ಷೆ ಕೇಳಿದ ಇಳಕಲ್ಲಿನ ಮಹಾಂತ ಸ್ವಾಮೀಜಿಯವರ ಹೆಸರಿನಲ್ಲಿ. ಆವತ್ತು ತಾಲ್ಲೂಕು ಮಟ್ಟದಲ್ಲೂ ಕಾರ್ಯಕ್ರಮ ಇರುತ್ತೆ, ಆರೋಗ್ಯ ಇಲಾಖೆಯವರು ಒಂದೇ ಕಡೆ ಸಿಗ್ತಾರೆ. ಭಾಷಣ ಮುಗಿಯೋ ತನಕ ಕಾದು ಚೀಟಿ ಕೈಗೆ ಕೊಡಿ.

ಗಡಿಯಾರ ಚೌಕ ಮತ್ತೆ:

ಶಹಾಬಾದ್ ತಮ್ಮಾ, ಒಂದು ಉಳೀತು. ಅಣ್ಣ ನಡುವೆ ಒಮ್ಮೆ ಕುಡಿದು ಬಿಟ್ರ ಮೀಟಿಂಗಿಗೆ ಹೋಗೋದು ನಿಲ್ಲಿಸಬ್ಯಾಡ್ರಿ, ಹೊಳ್ಳಿ ಬಂದವರನ್ನ ಯಾರೂ ಹೊರಗ ಹಾಕಂಗಿಲ್ಲ. ಕುಡಿದ ದಿನಾನೇ ಬಂದ್ರೂ ಸುಮ್ಮನ ಕೂತು ಕೇಳಬಹುದು, ಮಾತಾಡೋದು ಮಾತ್ರ ಬ್ಯಾಡ ಅಂತಾರ. ಪಗಾರದ ದಿನ, ಮದುವಿ ದಾವತ್, ಸಿ ಶಿಫ್ಟ್ ಮುಗಿಸಿ ನಿದ್ದಿ ಇಲ್ಲದ ಬೆಳಗು, ಈ ಮೂರು ಮೊದಲೇ ಕ್ಯಾಲೆಂಡರಿನಾಗ ಗುರುತು ಹಾಕ್ಕೊಂಡು ಆ ದಿನಕ್ಕ ಯಾರಿಗಿ ಫೋನ್ ಹಚ್ಚೋದು ಅಂತ ಹಿಂದಿನ ಮೀಟಿಂಗ್‌ನಾಗೇ ಮಾತಾಡ್ಕೊಂಡು ಬರ್ರಿ. ಪಗಾರ ವೈನಿ ಖಾತೆಗಿ ಹಾಕೋ ವಿಚಾರ ಇದ್ರ ಅಣ್ಣನೇ ಹೇಳಿ ಮಾಡಬೇಕು, ನೀವು ಮಾಡಿದ್ರ ಜಗಳ.